ಗೋಡೆಯ ಹಿಂದೆ ಅಡಗಿದವನಿಗೂ ಗುಂಡು

ಶಿಕಾರಿಪುರದ ಪಿಯುಸಿ ಹುಡುಗನೊಬ್ಬ ಪ್ರಶ್ನೆ ಕಳಿಸಿದ್ದಾನೆ. ಅವನ ಮನೆಯಲ್ಲಿ ಪ್ಲೇಸ್ಟೇಷನ್ 5, ಸೊರಬದಲ್ಲಿರುವ ಚಿಕ್ಕಮ್ಮನ ಮಗನ ಹತ್ತಿರ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್. ಆನ್‌ಲೈನಿನಲ್ಲಿ ಆಡುವಾಗ ಇವನು ಗೋಡೆಯ ಹಿಂದೆ ಸೇರಿಕೊಂಡ ಮೇಲೂ ಆ ಅಣ್ಣನ ಗುಂಡು ತಗುಲಿ ಸಾಯುತ್ತಾನಂತೆ. "ನನ್ನ ಮಷೀನೇ ನಿಧಾನವಾ ಸಾರ್? ದೊಡ್ಡ ಇಂಟರ್ನೆಟ್ ಪ್ಯಾಕ್ ಹಾಕಿಸಲಾ?"

ಮಷೀನಿನ ಮೇಲೆ ತಪ್ಪು ಹೊರಿಸಬೇಡ ಮಾರಾಯ. 2020ರ ನವೆಂಬರಿನಲ್ಲಿ ಎರಡು ದಿನಗಳ ಅಂತರದಲ್ಲಿ ಹೊರಬಂದ ಈ ಎರಡಕ್ಕೂ ಚಿಪ್ ವಿನ್ಯಾಸ ಎಎಂಡಿ ಕಂಪನಿಯದೇ. ಎರಡರಲ್ಲೂ ಎಂಟು ಕೋರ್, 16 ಜಿಬಿ ಮೆಮೊರಿ. ಚಿತ್ರ ಮೂಡಿಸುವ ಶಕ್ತಿಯಲ್ಲಿ ಎಕ್ಸ್‌ಬಾಕ್ಸ್ ತುಸು ಮುಂದೆ, ಡಿಸ್ಕ್ ಓದುವ ವೇಗದಲ್ಲಿ ಸೋನಿ ಮುಂದೆ. ಅಭಿಮಾನಿಗಳ ಕಿತ್ತಾಟಕ್ಕೆ ಅಷ್ಟು ಸಾಕು, ಗುಂಡಿಗೆ ಅದು ಸಂಬಂಧಿಸಿದ್ದಲ್ಲ. ಅಂದಹಾಗೆ, 2018ರ ಸೆಪ್ಟೆಂಬರಿನಲ್ಲಿ ಫೋರ್ಟ್‌ನೈಟ್ ಆಟಕ್ಕಾಗಿ ಸೋನಿ ಬಾಗಿಲು ತೆರೆಯುವ ತನಕ ಪ್ಲೇಸ್ಟೇಷನ್‌ನವನಿಗೂ ಎಕ್ಸ್‌ಬಾಕ್ಸ್‌ನವನಿಗೂ ಅದರಲ್ಲಿ ಒಟ್ಟಿಗೆ ಆಡುವ ಭಾಗ್ಯವೇ ಇರಲಿಲ್ಲ.

ಇನ್ನು ಪ್ಯಾಕ್. ಟಿವಿಗೆ ಸಿಕ್ಕಿಸಿ ಮಾರಿಯೋ, ಕಾಂಟ್ರಾ ಆಡುತ್ತಿದ್ದ ಕಾಲದಲ್ಲಿ ಕ್ಯಾಸೆಟ್ಟನ್ನು ಉಫ್ ಎಂದು ಊದಿದರೆ ಆಟ ಬರುತ್ತದೆಂಬ ನಂಬಿಕೆಯಿತ್ತು. ನಿಜಕ್ಕೂ ಕೆಲಸ ಮಾಡುತ್ತಿದ್ದದ್ದು ಕಿತ್ತು ಮತ್ತೆ ಕೂರಿಸುವುದು. ಉಸಿರಿನ ತೇವ ಒಳಗಿನ ಲೋಹಕ್ಕೆ ಕೇಡನ್ನೇ ಮಾಡುತ್ತಿತ್ತು. ಆ ಮೂಢನಂಬಿಕೆಯ ಜಾಗದಲ್ಲಿ ಈಗ ಪ್ಯಾಕಿನ ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಮಾಹಿತಿ ಹರಿಯುತ್ತದೆಂಬ ಲೆಕ್ಕ, ಕೂತಿದೆ. ಶಿರಾಳಕೊಪ್ಪದ ರಸ್ತೆಯನ್ನು ನಾಲ್ಕು ಪಥ ಮಾಡಿದರೆ ಅಡಿಕೆ ಲಾರಿಗಳು ಹೆಚ್ಚು ಓಡಾಡಬಹುದು, ಮುಂಬೈ ಮಾತ್ರ ಹತ್ತಿರ ಬರುವುದಿಲ್ಲ. ಆಟ ಕಳಿಸುವ ಮಾಹಿತಿ ಬಹಳ ಚಿಕ್ಕದು. ಅದು ಹೋಗಿ ಬರಲು ಹಿಡಿಯುವ ಹೊತ್ತೇ ಮುಖ್ಯ, ಅದಕ್ಕೇ ಪಿಂಗ್ ಅನ್ನುವುದು.

ಶಿಕಾರಿಪುರಕ್ಕೂ ಸೊರಬಕ್ಕೂ ಗೆರೆ ಎಳೆದರೆ ಸುಮಾರು 30 ಕಿ.ಮೀ. ಆದರೆ ಅಣ್ಣನ ಗುಂಡು ಆಟದ ಸರ್ವರ್ ಇರುವ ಊರಿಗೆ ಹೋಗಿಯೇ ತಮ್ಮನಿಗೆ ಬಡಿಯಬೇಕು. ಆ ಊರು ಸಿಂಗಪುರವಾದರೆ ನೇರ ದೂರವೇ ಸುಮಾರು 3,400 ಕಿ.ಮೀ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಅಂದರೆ ಹೋಗಿ ಬರಲು 34 ಮಿಲಿಸೆಕೆಂಡು. ಕೇಬಲ್ಲಿನ ಸುತ್ತುದಾರಿ, ನಡುವಿನ ರೂಟರುಗಳು ಸೇರಿದರೆ ಇದು ಇನ್ನೂ ಹಿಗ್ಗುತ್ತದೆ. ಯಾವ ಪ್ಯಾಕ್ ಹಾಕಿಸಿದರೂ ಬೆಳಕು ಇದಕ್ಕಿಂತ ಜೋರಾಗಿ ಓಡದು.

ನನಗೆ ಬಲು ಇಷ್ಟವಾದ ಕರಾಮತ್ತು ಇರುವುದು ಸರ್ವರಿನಲ್ಲಿ. ಪರದೆಯ ಮೇಲೆ ಅಣ್ಣನಿಗೆ ಕಾಣುತ್ತಿರುವುದು ಈಗಿನ ನೀನಲ್ಲ, ಕ್ಷಣದ ಹಿಂದಿನ ನೀನು. ಅವನು ಗುರಿಯಿಟ್ಟು ಹೊಡೆದ ಸುದ್ದಿ ಸರ್ವರಿಗೆ ಮುಟ್ಟುವಾಗ ನೀನು ಗೋಡೆ ಸೇರಿರುತ್ತೀ. ಯಾರು ಯಾವಾಗ ಎಲ್ಲಿದ್ದರೆಂದು ಸರ್ವರ್ ನೆನಪಿಟ್ಟುಕೊಂಡಿರುತ್ತದೆ. ಅಣ್ಣನಿಗೆ ಆದ ತಡವೆಷ್ಟೋ ಅಷ್ಟು ಕಾಲವನ್ನು ಹಿಂದಕ್ಕೆ ತಿರುಗಿಸಿ, ನಿನ್ನನ್ನು ಬಯಲಲ್ಲಿ ಮತ್ತೆ ನಿಲ್ಲಿಸಿ, ಗುಂಡು ತಾಗುತ್ತಿತ್ತೇ ಎಂದು ನೋಡುತ್ತದೆ. ತಾಗುತ್ತಿತ್ತೆಂದರೆ ನೀನು ಸತ್ತೆ! ಒಟ್ಟು ತಡ 150 ಮಿಲಿಸೆಕೆಂಡು ಎಂದಿಟ್ಟುಕೊಂಡರೆ, ಸೆಕೆಂಡಿಗೆ 6 ಮೀಟರ್ ಓಡುವ ಪಾತ್ರ ಅಷ್ಟರಲ್ಲಿ 90 ಸೆಂ.ಮೀ. ದಾಟಿರುತ್ತದೆ, ಮರೆಯಾಗಲು ಅಷ್ಟು ಸಾಲದೇ? ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲೇ ಈ ವಿಧಾನವನ್ನು ವಿವರವಾಗಿ ಬರೆದಿದ್ದರು. ಇದಿಲ್ಲದಿದ್ದರೆ ಓಡುವವನನ್ನು ಹೊಡೆಯಲು ಅವನ ಮುಂದಿನ ಖಾಲಿ ಜಾಗಕ್ಕೆ ಅಂದಾಜಿನಲ್ಲಿ ಗುರಿಯಿಡಬೇಕಿತ್ತು. ಹೊಡೆದವನಿಗೆ ನ್ಯಾಯ ಕೊಡಲು ಹೋಗಿ ಅಡಗಿದವನಿಗೆ ಅನ್ಯಾಯ. ಅಣ್ಣ ಮೋಸ ಮಾಡಿಲ್ಲ, ನೀನೂ ಸುಳ್ಳು ಹೇಳುತ್ತಿಲ್ಲ.

ಪಿಂಗ್ ಇಳಿಸಲು, ಆಟದಲ್ಲಿ ಸರ್ವರ್ ಆರಿಸುವ ಅವಕಾಶವಿದ್ದರೆ ಹತ್ತಿರದ ಮುಂಬೈ ಆರಿಸಿಕೊ. ವೈಫೈ ಬಿಟ್ಟು ರೂಟರಿನಿಂದ ತಂತಿ ಎಳೆ. ಚಿನ್ನದ ಲೇಪದ 'ಗೇಮಿಂಗ್ ಕೇಬಲ್' ಎಂದು ಅಂಗಡಿಯವರು ದುಬಾರಿ ಮಾಲು ತೋರಿಸಿದರೆ ನಕ್ಕು ಬಿಡು, ಸಾಧಾರಣ ಲ್ಯಾನ್ ಕೇಬಲ್ ಧಾರಾಳವಾಯಿತು.