37 ಸೆಕೆಂಡಿನ ತೊಡಕು

ಭರತ ಹುಣ್ಣಿಮೆ ಬಂತೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಚಕ್ಕಡಿಗಳ ಸಾಲು. ಹಿಂದಿನಿಂದ ಆಂಬುಲೆನ್ಸ್ ಬಂದರೂ ಇಕ್ಕಟ್ಟಿನಲ್ಲಿ ಮುಂದಿನ ಚಕ್ಕಡಿ ಸರಿಯುವ ತನಕ ಕಾಯಬೇಕು. ಈಥರ್ನೆಟ್ ತಂತಿಯೊಳಗೂ ಇದೇ ಪಾಡು. ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ತಂತಿಯಲ್ಲಿ ಪೂರ್ಣ ಗಾತ್ರದ ಒಂದು ಪ್ಯಾಕೆಟ್ ದಾಟಲು ಸುಮಾರು 123 ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಮೈಕ್ರೊಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು. ಅಷ್ಟು ಹೊತ್ತು ಹಿಂದಿನ ತುರ್ತು ಸುದ್ದಿ ನಿಂತೇ ಇರುತ್ತದೆ.

1973ರಲ್ಲಿ ರಾಬರ್ಟ್ ಮೆಟ್ಕಾಫ್ ಝೆರಾಕ್ಸ್ ಸಂಸ್ಥೆಯಲ್ಲಿ ಈಥರ್ನೆಟ್ ರೂಪಿಸಿದ್ದು ಕಚೇರಿಯ ಕಂಪ್ಯೂಟರು, ಪ್ರಿಂಟರುಗಳನ್ನು ಬೆಸೆಯಲು. ಅಲ್ಲಿ ತುಸು ತಡವಾದರೆ ನಷ್ಟವಿರಲಿಲ್ಲ.

ವಿದ್ಯುತ್ತಿನ ಮಾತು ಬೇರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೊವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿಗೆ ಬೆಸೆದುಕೊಂಡಿತು. ಬೈಲಹೊಂಗಲದ ಹತ್ತಿ ಗಿರಣಿ, ರಾಮದುರ್ಗದ ಮಗ್ಗ, ಕಾಶ್ಮೀರದ ದೀಪ ಎಲ್ಲಕ್ಕೂ ಈಗ ಒಂದೇ 50 ಹರ್ಟ್ಸ್ ಲಯ. 20 ಮಿಲಿಸೆಕೆಂಡಿಗೆ ಒಂದು ಅಲೆ. ಡಿಜಿಟಲ್ ಉಪಕೇಂದ್ರಗಳಲ್ಲಿ ಮಾಪಕಗಳು ಈ ಅಲೆಯನ್ನು ಸೆಕೆಂಡಿಗೆ 4000 ಸಲ ಅಳೆದು ಈಥರ್ನೆಟ್ಟಿನಲ್ಲಿ ಕಳಿಸುವ ಪದ್ಧತಿಯಿದೆ. ದೋಷ ಕಂಡರೆ ಮಾರ್ಗ ಕಡಿಯಲು ಸೂಚಿಸುವ ರಕ್ಷಣಾ ರಿಲೇ ಬೇರೆ ಬೇರೆ ಕಡೆಯ ಅಳತೆಗಳನ್ನು ಹೋಲಿಸುತ್ತದೆ. ಗಡಿಯಾರಗಳಲ್ಲಿ ಒಂದು ಮಿಲಿಸೆಕೆಂಡ್ ವ್ಯತ್ಯಾಸವಾದರೂ ಅಲೆ 18 ಡಿಗ್ರಿ ಸರಿದಂತೆ ಕಾಣುತ್ತದೆ. ಸರಿಯಿರುವ ಮಾರ್ಗದಲ್ಲೂ ದೋಷವಿದ್ದಂತೆ ತೋರಬಹುದು. ವೇಗದ ತಂತಿ ಎಳೆದ ಮಾತ್ರಕ್ಕೆ ಇದು ಬಗೆಹರಿಯದು.

ಇಂಥ ಕೆಲಸಗಳಿಗೆಂದು ಐಇಇಇ ಸಂಸ್ಥೆಯ ತಂಡವೊಂದು 2012ರಿಂದ ‘ಟಿಎಸ್ಎನ್’ (ಟೈಮ್ ಸೆನ್ಸಿಟಿವ್ ನೆಟ್‌ವರ್ಕಿಂಗ್) ಹೆಸರಿನಲ್ಲಿ ನಿಯಮಗಳನ್ನು ರೂಪಿಸುತ್ತಿದೆ. ತಂತಿಯಲ್ಲಿರುವ ಎಲ್ಲ ಯಂತ್ರಗಳಿಗೂ ಒಂದೇ ಗಡಿಯಾರ. ಯಾವ ಸಾಲಿನ ಗೇಟು ಯಾವಾಗ ತೆರೆಯಬೇಕೆಂಬ ವೇಳಾಪಟ್ಟಿ. ಆಂಬುಲೆನ್ಸ್ ಬರುವ ಹೊತ್ತು ಮೊದಲೇ ಗೊತ್ತಿದ್ದರೆ ಚಕ್ಕಡಿಗಳನ್ನು ತುಸು ಮುಂಚೆಯೇ ಗುಡ್ಡದ ಬುಡದಲ್ಲಿ ತಡೆಯಬಹುದಲ್ಲ, ಹಾಗೆ.

ಇದನ್ನೆಲ್ಲ ನಡೆಸಿಕೊಡಬೇಕಾದದ್ದು ನೆಟ್‌ವರ್ಕ್ ಕಾರ್ಡು, ಅದನ್ನು ಆಡಿಸುವ ಡ್ರೈವರ್. ಇಂಟೆಲ್‌ನ ಐ226 ಕಾರ್ಡಿನ ‘ಐಜಿಸಿ’ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ ಇರುವುದರಿಂದ ಅಳವಡಿಕೆ ಸಲೀಸು. ಕಷ್ಟ ಶುರುವಾಗುವುದು ಆಮೇಲೆ. ಪ್ಯಾಕೆಟ್ ಬಂದ ವೇಳೆಯನ್ನು ಕಾರ್ಡೇ ಗುರುತು ಹಾಕುತ್ತದೆಯೇ ಎಂದು ‘ಈಥ್‌ಟೂಲ್’ ಆಜ್ಞೆಯಿಂದ ಮೊದಲು ನೋಡಬೇಕು. ಆ ಗುರುತು ತಂತ್ರಾಂಶದ ಮಟ್ಟದಲ್ಲಿ ಬಿದ್ದರೆ, ಪ್ರೊಸೆಸರ್ ಬೇರೆ ಕೆಲಸದಲ್ಲಿ ಮುಳುಗಿದಾಗಲೆಲ್ಲ ಲೆಕ್ಕ ತಪ್ಪುತ್ತದೆ. ತಂತಿ ಖಾಲಿಯಿದ್ದಾಗ ನಿದ್ದೆಗೆ ಜಾರುವ ವಿದ್ಯುತ್ ಉಳಿತಾಯದ ಸೌಲಭ್ಯವನ್ನೂ ಆರಿಸುವುದು ಲೇಸು. ಎಚ್ಚರಗೊಳ್ಳಲು ಅದಕ್ಕೆ ಹತ್ತಾರು ಮೈಕ್ರೊಸೆಕೆಂಡ್ ಬೇಕಾದೀತು.

ಕಿತ್ತೂರು ಅರಮನೆಯ ಅವಶೇಷಗಳ ನಡುವೆ ಧ್ರುವ ನಕ್ಷತ್ರ ನೋಡುವ ಕಿಂಡಿಯಿದೆ. ಕದಲದ ಒಂದು ಚುಕ್ಕಿಯ ಮೇಲೆ ಕಣ್ಣಿಟ್ಟು ಉಳಿದದ್ದನ್ನು ಅಳೆಯುವುದು ಹಳೆಯ ಜಾಣ್ಮೆ. ಇಲ್ಲಿ ಆ ಜಾಗದಲ್ಲಿರುವುದು ಯಜಮಾನ ಗಡಿಯಾರ. ‘ಪಿಟಿಪಿ4ಎಲ್’ ತಂತ್ರಾಂಶ ಕಾರ್ಡಿನ ಗಡಿಯಾರವನ್ನು ಅದಕ್ಕೆ ಹೊಂದಿಸುತ್ತದೆ, ‘ಪಿಎಚ್‌ಸಿ2ಸಿಸ್’ ಕಾರ್ಡಿಗೆ ಕಂಪ್ಯೂಟರನ್ನು. ಬಳಿಕ ಕರ್ನಲ್‌ನಲ್ಲಿ ಪ್ಯಾಕೆಟ್ಟುಗಳ ಸರದಿ ನೋಡಿಕೊಳ್ಳುವ ‘ಟ್ಯಾಪ್ರಿಯೊ’ಗೆ ಗೇಟುಗಳ ವೇಳಾಪಟ್ಟಿ ಕೊಡಬೇಕು.

ಇಷ್ಟಾದ ಮೇಲೂ ಎಡವುವ ಜಾಗವೊಂದಿದೆ. ಟಿಎಸ್ಎನ್ ಲೋಕದಲ್ಲಿ ಚಾಲ್ತಿಯಲ್ಲಿರುವುದು ಪರಮಾಣು ಗಡಿಯಾರಗಳ ‘ಟಿಎಐ’ ಕಾಲ. ಅದಕ್ಕೆ ಅಧಿಕ ಸೆಕೆಂಡುಗಳ ಹಂಗಿಲ್ಲ. ಜನ ಬಳಸುವ ‘ಯುಟಿಸಿ’ಗೆ ಭೂಮಿಯ ತಿರುಗಾಟ ನೋಡಿ ಆಗಾಗ ಸೆಕೆಂಡು ಸೇರಿಸಿದ್ದಾರೆ, 2017ರ ಜನವರಿ 1ರಿಂದ ಅದು ಟಿಎಐಗಿಂತ 37 ಸೆಕೆಂಡ್ ಹಿಂದಿದೆ. ತಂತ್ರಾಂಶವೊಂದು ಯುಟಿಸಿ ನೋಡಿ ಪ್ಯಾಕೆಟ್ಟಿನ ಮೇಲೆ ಹೊರಡುವ ವೇಳೆ ಬರೆದರೆ, ಟಿಎಐ ಓದುವ ಸರದಿಗೆ ಅದು ಆಗಲೇ 37 ಸೆಕೆಂಡ್ ತಡವಾದ ಸರಕು, ಸದ್ದಿಲ್ಲದೆ ಬಿಸಾಡಿಬಿಡುತ್ತದೆ. ತಂತಿ, ಕಾರ್ಡು, ಡ್ರೈವರ್ ಎಲ್ಲ ಸರಿಯಿದ್ದೂ ಒಂದು ಪ್ಯಾಕೆಟ್ಟೂ ಹೊರಡುವುದಿಲ್ಲ. ಕರ್ನಲ್‌ಗೆ ಆ 37ರ ವ್ಯತ್ಯಾಸ ತಿಳಿಸಿ, ತಂತ್ರಾಂಶವೂ ಟಿಎಐಯನ್ನೇ ಓದುವಂತೆ ಬದಲಿಸಿದರೆ ಸಾಲು ಮುಂದಕ್ಕೆ ಸರಿಯುತ್ತದೆ.