ಮಕ್ಕಳೂ ಮಾತೂ

ಮಕ್ಕಳಿಗೆ ಮಾತು ಕಲಿಸಬೇಕೆ? ಅರಳು ಹುರಿದಂತೆ ಮಾತನಾಡುವ ಮಗುವಿಗೆ ಇನ್ನೇನನ್ನು ಕಲಿಸುವುದು, ಎಂದು ಕೇಳುವವರುಂಟು. ಆದರೆ ಮನೆಯಲ್ಲಿ ಬಾಯಿ ಮುಚ್ಚದ ಅದೇ ಮಗು ಶಾಲೆಯಲ್ಲಿ ಎದ್ದು ನಿಂತೊಡನೆ ಏತಕ್ಕೆ ಮೂಕವಾಗುತ್ತದೆ? ಅನೇಕ ವೇಳೆ ಉತ್ತರ ತಿಳಿಯದೆ ಅಲ್ಲ. ತಪ್ಪಿದರೆ ನಗುವರೆಂಬ ಭಯದಿಂದ.

ಈ ಭಯವನ್ನು ಬೆಳೆಸಿದವರಲ್ಲಿ ನಾವೂ ಸೇರಿದ್ದೇವೆ. ಹಿಂದೆ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ, ಹಳ್ಳಿಯಿಂದ ಬಂದ ಹುಡುಗನೊಬ್ಬನು ತಾನು ಹೊಲದಲ್ಲಿ ಹಾವು ಕಂಡ ಪ್ರಸಂಗವನ್ನು ಹೇಳತೊಡಗಿದನು. ಹಕಾರವು ಅವನ ನಾಲಗೆಯಲ್ಲಿ ನಿಲ್ಲದೆ 'ಹಾವು' ಎಂಬುದು 'ಆವು' ಆಯಿತು. "ಆವು ಎಂದರೆ ಹಸುವಲ್ಲವೇನಪ್ಪ?" ಎಂದು ನಾವು ನಡುವೆ ತಡೆದೆವು. ತರಗತಿಯೆಲ್ಲ ನಕ್ಕಿತು, ಹುಡುಗನು ಕುಳಿತುಬಿಟ್ಟನು. ಆ ಕಥೆ ಹೇಗೆ ಮುಗಿಯಿತೆಂಬುದು ನಮಗೆ ಇಂದಿಗೂ ತಿಳಿಯದು.

ಹಕಾರವನ್ನು ಬಿಡುವುದು ನಮ್ಮ ಸೀಮೆಯ ಎಷ್ಟೋ ಹಳ್ಳಿಗಳ ಆಡುನುಡಿಯ ರೂಢಿಯೇ ಹೊರತು ಬುದ್ಧಿಯ ಕೊರತೆಯಲ್ಲ. ಹಾಗೆಂದು ಗ್ರಂಥಸ್ಥ ಭಾಷೆಯ ಉಚ್ಚಾರಣೆ ಬೇಡವೆಂದು ನಾವು ಹೇಳುವುದಿಲ್ಲ. 'ಬೆಳೆ' 'ಬೇಳೆ'ಗಳಿಗೂ, 'ಹಲ್ಲಿ' 'ಹಳ್ಳಿ'ಗಳಿಗೂ ಇರುವ ಭೇದವನ್ನು ಮಗು ಅರಿಯಲೇಬೇಕು. ಆದರೆ ತಿದ್ದುವುದಕ್ಕೂ ಕಾಲವುಂಟು. ಮಗು ಹೇಳಿ ಮುಗಿಸಲಿ; ಬಳಿಕ "ಆ ಹಾವು ಎಷ್ಟು ಉದ್ದವಿತ್ತು?" ಎಂದು ನಾವೇ ಸರಿಯಾಗಿ ಉಚ್ಚರಿಸಿ ಕೇಳಿದರೆ, ಅವಮಾನವಿಲ್ಲದೆ ಶುದ್ಧರೂಪವು ಕಿವಿಗೆ ಬೀಳುತ್ತದೆ.

ಸ್ಪಷ್ಟವಾಗಿ ಹೇಳುವುದನ್ನು ಕಲಿಸಲು ಸುಲಭವಾದ ಆಟವೊಂದುಂಟು. ಇಬ್ಬರು ಮಕ್ಕಳನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿರಿ. ಒಬ್ಬಳ ಕೈಯಲ್ಲಿ ಐದು ಸಾಲು ಚುಕ್ಕಿಗಳ ರಂಗೋಲಿಯ ಚಿತ್ರವಿರಲಿ. ಮತ್ತೊಬ್ಬಳ ಮುಂದೆ ಬರಿಯ ಹಲಗೆಯಿರಲಿ. ಮೊದಲನೆಯವಳು ಬಾಯಿಂದ ಹೇಳಬೇಕು, ಎರಡನೆಯವಳು ಕೇಳಿ ಬರೆಯಬೇಕು. "ಇಲ್ಲಿಂದ ಅಲ್ಲಿಗೆ ಗೆರೆ ಎಳೆ" ಎಂದರೆ ಕೆಲಸ ನಡೆಯದು. 'ಇಲ್ಲಿ' ಎಂಬುದು ತನ್ನ ಕಣ್ಣಿಗೆ ಮಾತ್ರ ಕಾಣುವುದೆಂದು ಮಗುವಿಗೆ ಆಗ ಹೊಳೆಯುತ್ತದೆ. ಎಷ್ಟನೆಯ ಸಾಲು, ಎಡದಿಂದ ಎಷ್ಟನೆಯ ಚುಕ್ಕಿ, ಎಂದು ತಾನಾಗಿಯೇ ಕ್ರಮವನ್ನು ಹುಡುಕಿಕೊಳ್ಳುತ್ತದೆ. ಕೇಳುವವಳಿಗೂ ಪ್ರಶ್ನಿಸುವ ಅಧಿಕಾರವಿರಲಿ. ರಂಗೋಲಿ ಕೆಟ್ಟರೆ, ಕೆಟ್ಟದ್ದು ಹೇಳಿದ್ದರಲ್ಲಿಯೋ ಕೇಳಿದ್ದರಲ್ಲಿಯೋ ಎಂಬುದನ್ನು ಇಬ್ಬರೂ ಕೂಡಿ ವಿಚಾರಿಸಲಿ.

ಬಾನುಲಿಯ ಮುಂದೆ ಕುಳಿತವರ ಸ್ಥಿತಿಯೂ ಇದೇ ಅಲ್ಲವೆ? ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ 'ಆಕಾಶವಾಣಿ'ಯನ್ನು ಆರಂಭಿಸಿದಂದಿನಿಂದ, ಇಲ್ಲಿ ಮಾತನಾಡಿದವರೆಲ್ಲರೂ ಕಾಣದ ಕೇಳುಗರಿಗಾಗಿ ಮಾತನ್ನು ಹದಗೊಳಿಸಬೇಕಾಯಿತು. ಕೈಸನ್ನೆಯಾಗಲಿ ಮುಖಭಾವವಾಗಲಿ ಅಲ್ಲಿ ನೆರವಿಗೆ ಬಾರದು.

ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಹಿರಿಯರು ಹೇಳುತ್ತಾರೆ. ಆದರೆ ಮಾತು ಬಲ್ಲವನಾಗಲು ಮೊದಲು ಕೇಳುವವರೊಬ್ಬರು ಬೇಕು. ಇಂದು ರಾತ್ರಿ ಊಟದ ಹೊತ್ತಿನಲ್ಲಿ ನಿಮ್ಮ ಮಗುವನ್ನು "ಈ ದಿನ ಏನೇನಾಯಿತು?" ಎಂದು ಕೇಳಿರಿ, ಕಥೆ ಮುಗಿಯುವವರೆಗೆ ನಡುವೆ ಬಾಯಿ ಹಾಕದಿರಿ. ನಾವು ಅಂದು ಮಾಡಬೇಕಾಗಿದ್ದುದು ಇಷ್ಟೇ.