ಬ್ಯಾಂಕಿನ ಮೇಲಣ ದೂರು: ಫೋನಿನಲ್ಲಿ ಹೇಳತಕ್ಕದ್ದು ಯಾವುದು, ಕಾಗದದಲ್ಲಿ ಬರೆಯತಕ್ಕದ್ದು ಯಾವುದು

ಬೆಳೆಸಾಲ, ಸಹಾಯಧನ, ಬೆಳೆ ವಿಮೆಯ ಪರಿಹಾರ, ಹಾಲಿನ ಬಟವಾಡೆ, ಅಡಿಕೆಯನ್ನೋ ರೇಷ್ಮೆಗೂಡನ್ನೋ ಮಾರಿ ಬಂದ ಹಣ, ಇವೆಲ್ಲವೂ ಈಗ ಬಹುಮಟ್ಟಿಗೆ ಬ್ಯಾಂಕಿನ ಖಾತೆಯ ಮೂಲಕವೇ ರೈತನ ಕೈಸೇರುತ್ತವೆ. ಹಿಂದೆ ಸಾಹುಕಾರನ ಲೆಕ್ಕದಲ್ಲಿ ತಪ್ಪು ಕಂಡುಬಂದರೆ ಅವನ ಜಗಲಿಯ ಮೇಲೆ ಕುಳಿತು ಕೇಳುವುದು ಸಾಧ್ಯವಿತ್ತು. ನ್ಯಾಯ ದೊರೆಯುತ್ತಿತ್ತೋ ಇಲ್ಲವೋ ಅದು ಬೇರೆ ಮಾತು. ಕೇಳತಕ್ಕ ಮನುಷ್ಯನು ಯಾರೆಂಬುದಾದರೂ ಗೊತ್ತಿರುತ್ತಿತ್ತು. ಬ್ಯಾಂಕಿನ ಲೆಕ್ಕದಲ್ಲಿ ತಪ್ಪು ಬಂದಾಗಲಾದರೋ ಯಾರನ್ನು ಕೇಳಬೇಕೆಂಬುದೇ ಮೊದಲನೆಯ ತೊಡಕಾಗಿದೆ. ಈ ತೊಡಕಿನಿಂದ ಬಿಡಿಸಿಕೊಳ್ಳುವ ಕ್ರಮವು ಊರಿನ ಮುಖಂಡರಿಗೂ ಭೂಮಾಲೀಕರಿಗೂ ತಿಳಿದಿದ್ದರೆ ಅವರಿಗಲ್ಲದೆ ಅವರನ್ನು ಆಶ್ರಯಿಸಿದ ನಾಲ್ಕಾರು ಮನೆಗಳಿಗೂ ಅನುಕೂಲವಾದೀತು.

ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಒಬ್ಬ ರೈತನು 3 ಲಕ್ಷ ರೂಪಾಯಿ ಬೆಳೆಸಾಲವನ್ನು ವಾಯಿದೆಗೆ ಮುಂಚಿತವಾಗಿಯೇ ಶಾಖೆಗೆ ಹೋಗಿ ಕಟ್ಟಿದನೆಂದೂ, ಆ ಹಣವು ಸಾಲದ ಖಾತೆಗೆ ಜಮಾ ಆಗದೆ ಅವನ ಉಳಿತಾಯ ಖಾತೆಗೆ ಜಮಾ ಆಯಿತೆಂದೂ ಇಟ್ಟುಕೊಳ್ಳೋಣ. ಕೇಂದ್ರ ಸರ್ಕಾರದ ಬಡ್ಡಿ ರಿಯಾಯಿತಿಯ ಪ್ರಕಾರ ಇಂಥ ಸಾಲಕ್ಕೆ ಬಡ್ಡಿಯು ನೂರಕ್ಕೆ 7. ಕಾಲಕ್ಕೆ ಸರಿಯಾಗಿ ತೀರಿಸಿದವನಿಗೆ ಅದರಲ್ಲಿ 3 ಕಡಿತವಾಗಿ 4 ಮಾತ್ರ ಉಳಿಯುತ್ತದೆ. 2025-26ನೆಯ ಸಾಲಿಗೂ ಈ ರಿಯಾಯಿತಿಯನ್ನು ಮುಂದುವರಿಸಲಾಯಿತು. ಹಣವು ತಪ್ಪು ಖಾತೆಯಲ್ಲಿ ಕುಳಿತಿರುವಾಗ ವಾಯಿದೆ ಮೀರಿತೆಂದರೆ ಈ ಕಡಿತವು ಕೈತಪ್ಪುತ್ತದೆ. ವರ್ಷಕ್ಕೆ 9,000 ರೂಪಾಯಿ, ಯಾವ ತಪ್ಪನ್ನೂ ಮಾಡದವನಿಗೆ ನಷ್ಟ. ರೈತನು ಪಾಸ್‌ಬುಕ್ಕಿನ ಹಿಂದಿರುವ ನಂಬರಿಗೆ ಫೋನು ಮಾಡುತ್ತಾನೆ. ಕನ್ನಡಕ್ಕೆ ಇಂಥ ಅಂಕಿ, ಸಾಲಕ್ಕೆ ಇಂಥ ಅಂಕಿ ಎಂದು ಯಂತ್ರವು ಹೇಳುತ್ತದೆ. ಬಳಿಕ ಸಂಗೀತ ಕೇಳಿಸುತ್ತದೆ. ಸಂಗೀತವನ್ನು ಕೇಳುವುದಕ್ಕಾಗಿ ಯಾರೂ ಬ್ಯಾಂಕಿಗೆ ಫೋನು ಮಾಡುವುದಿಲ್ಲವಷ್ಟೆ. ಬಹಳ ಹೊತ್ತಿನ ಮೇಲೆ ಮಾತಿಗೆ ಸಿಕ್ಕಿದವನು ವಿನಯದಿಂದಲೇ ಎಲ್ಲವನ್ನೂ ಕೇಳಿ, ಶಾಖೆಯನ್ನು ವಿಚಾರಿಸಿರೆಂದು ಹೇಳುತ್ತಾನೆ. ಶಾಖೆಯವರು ಸರ್ವರ್ ಇಲ್ಲವೆಂದೋ, ಮೇಲಿನ ಕಛೇರಿಗೆ ತಿಳಿಸಿದ್ದೇವೆಂದೋ ಹೇಳುತ್ತಾರೆ. ಎರಡನೆಯ ಸಲ ಫೋನು ಮಾಡಿದಾಗ ಮತ್ತೊಬ್ಬನು ಸಿಕ್ಕುತ್ತಾನೆ. ಅವನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಹೀಗೆ ಆರು ವಾರ ಕಳೆದರೆ ರೈತನ ಕೈಯಲ್ಲಿ ಉಳಿಯುವುದು ಕೋಪವೇ ಹೊರತು ಒಂದು ಚೂರು ಕಾಗದವೂ ಅಲ್ಲ.

ಇದು ಹೀಗೇಕಾಗುತ್ತದೆಂಬುದನ್ನು ತಿಳಿದರೆ ಮುಂದಿನ ದಾರಿ ತಾನಾಗಿಯೇ ಕಾಣುತ್ತದೆ. ಫೋನಿಗೆ ಉತ್ತರ ಕೊಡುವವರು ಶಾಖೆಯಲ್ಲಿ ಕುಳಿತವರಲ್ಲ; ಅವರು ದೂರದ ಒಂದು ನಗರದ ಕರೆಕೇಂದ್ರದಲ್ಲಿರುತ್ತಾರೆ. ಅವರ ಮುಂದಿನ ತೆರೆಯಲ್ಲಿ ಖಾತೆಯ ಕೆಲವು ವಿವರಗಳು ಮಾತ್ರ ಕಾಣುತ್ತವೆ. ಕಾರ್ಡನ್ನು ತಡೆಹಿಡಿಯುವುದು, ದೂರನ್ನು ದಾಖಲಿಸಿ ನಂಬರು ಕೊಡುವುದು ಮುಂತಾದ ಕೆಲಸಗಳು ಅವರಿಂದ ಕೂಡಲೇ ಆಗುತ್ತವೆ. ಆದರೆ ಸಾಲದ ಲೆಕ್ಕವನ್ನು ತಿದ್ದುವ ಅಧಿಕಾರವು ಸಾಮಾನ್ಯವಾಗಿ ಅವರಿಗಿರುವುದಿಲ್ಲ. ಮೇಲಾಗಿ ಬ್ಯಾಂಕುಗಳೇ ಹೆಸರು ಬದಲಾಯಿಸಿಕೊಂಡಿವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿಯೂ, ವಿಜಯಾ ಬ್ಯಾಂಕು 2019ರ ಅದೇ ದಿನ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟ್ ಬ್ಯಾಂಕು 2020ರ ಅದೇ ದಿನ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕು ಎಂಬ ಒಂದೇ ಸಂಸ್ಥೆಯಾದುವು. ಹಳೆಯ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವ ಫೋನ್ ನಂಬರನ್ನೂ ಶಾಖೆಯ ಸಂಕೇತವನ್ನೂ ಈಗಲೂ ಸರಿಯೆಂದು ನಂಬಬಾರದು. ಹೊಸ ಪಾಸ್‌ಬುಕ್ಕನ್ನು ಪಡೆದಿಲ್ಲದವರು ಮೊದಲು ಅದನ್ನು ಪಡೆಯತಕ್ಕದ್ದು.

ಆದಕಾರಣ ದೂರುಗಳನ್ನು ಎರಡು ಬಗೆಯಾಗಿ ವಿಂಗಡಿಸಬೇಕು. ಖಾತೆಯಿಂದ ಹಣವನ್ನು ಯಾರೋ ಅಪಹರಿಸಿದ್ದಾರೆ ಎಂಬುದು ಒಂದು ಬಗೆ. ಬ್ಯಾಂಕಿನ ಲೆಕ್ಕದಲ್ಲಿ ತಪ್ಪಾಗಿದೆ, ಇಲ್ಲವೆ ಆಗಬೇಕಾದ ಕೆಲಸ ಆಗಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಫೋನೇ ಬೇಕು, ಒಂದು ನಿಮಿಷವೂ ತಡವಾಗಬಾರದು. ಎರಡನೆಯದಕ್ಕೆ ಕಾಗದವೇ ಬೇಕು. ಹಳ್ಳಿಗಳಲ್ಲಿ ಅನೇಕ ವೇಳೆ ಇದು ತಲೆಕೆಳಗಾಗಿ ನಡೆಯುತ್ತದೆ: ಶನಿವಾರ ಸಂಜೆ ಹಣ ಕಳವಾದವನು ಸೋಮವಾರ ಬ್ಯಾಂಕು ತೆರೆಯಲೆಂದು ಕಾಯುತ್ತಾನೆ, ಲೆಕ್ಕದ ತಪ್ಪಿಗೆ ಗುರಿಯಾದವನು ತಿಂಗಳುಗಟ್ಟಲೆ ಫೋನು ಮಾಡುತ್ತಾನೆ.

ಕಳವಿನ ವಿಷಯವನ್ನು ಮೊದಲು ನೋಡೋಣ. ಅಪಹರಿಸಿದ ಹಣವನ್ನು ಕಳ್ಳರು ಒಂದು ಖಾತೆಯಿಂದ ಮತ್ತೊಂದಕ್ಕೆ, ಅಲ್ಲಿಂದ ಮೂರನೆಯದಕ್ಕೆ ನಿಮಿಷಗಳಲ್ಲಿ ಸಾಗಿಸುತ್ತಾರೆ. 1930 ಎಂಬ ಸರ್ಕಾರದ ನಂಬರಿಗೆ ಒಡನೆಯೇ ತಿಳಿಸಿದರೆ ಸಂಬಂಧಪಟ್ಟ ಬ್ಯಾಂಕುಗಳಿಗೆ ಸುದ್ದಿ ಹೋಗಿ, ಹಣವು ಹೊರಕ್ಕೆ ಹೋಗುವುದರೊಳಗೆ ಅದನ್ನು ತಡೆಹಿಡಿಯುವ ಸಂಭವವುಂಟು. ಅದರ ಜೊತೆಗೆ ಬ್ಯಾಂಕಿಗೂ ತಿಳಿಸಲೇಬೇಕು. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿದುದೇನೆಂದರೆ, ಖಾತೆದಾರನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋಗಿದ್ದು, ಬ್ಯಾಂಕಿನ ಸಂದೇಶ ತಲುಪಿದ ದಿನವನ್ನು ಬಿಟ್ಟು ಮೂರು ಕೆಲಸದ ದಿನಗಳೊಳಗಾಗಿ ತಿಳಿಸಿದರೆ ನಷ್ಟದಲ್ಲಿ ಒಂದು ಕಾಸೂ ಖಾತೆದಾರನ ಪಾಲಿಗೆ ಬರತಕ್ಕದ್ದಲ್ಲ. ನಾಲ್ಕರಿಂದ ಏಳು ದಿನಗಳಾದರೆ ಸಾಮಾನ್ಯ ಉಳಿತಾಯ ಖಾತೆಗೆ ಅವನ ಪಾಲು 10,000 ರೂಪಾಯಿಗೆ ಮೀರಬಾರದು. ತಪ್ಪು ಖಾತೆದಾರನದೆಂದು ಸಾಧಿಸುವ ಹೊಣೆಯನ್ನು ಬ್ಯಾಂಕಿನ ಮೇಲೆಯೇ ಹೊರಿಸಲಾಯಿತು. ಆದರೆ ಗುಟ್ಟಿನ ಅಂಕಿಯನ್ನು ತಾನೇ ಬಾಯಿಬಿಟ್ಟು ಹೇಳಿದವನು, ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟವನ್ನೆಲ್ಲ ತಾನೇ ಹೊರಬೇಕು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಆದುದರಿಂದ ತಾನೇ ಮೋಸಹೋದೆನೆಂಬ ನಾಚಿಕೆಯಿಂದ ಸುಮ್ಮನಿರುವವನಿಗೆ ನಷ್ಟವು ಬೆಳೆಯುತ್ತಲೇ ಹೋಗುತ್ತದೆ.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ಬ್ಯಾಂಕಿನ ಫೋನಿಗಾಗಿ ಕಾದು ಬೇಸತ್ತವನು ಮೊಬೈಲಿನಲ್ಲಿ ಬ್ಯಾಂಕಿನ ಹೆಸರನ್ನು ಕೊಟ್ಟು ಬೇರೊಂದು ನಂಬರನ್ನು ಹುಡುಕುತ್ತಾನೆ. ಕಳ್ಳರು ಇದನ್ನು ಬಲ್ಲರು. ಬ್ಯಾಂಕಿನದೆಂದು ಹೇಳುವ ಸುಳ್ಳು ನಂಬರುಗಳನ್ನು ಅವರು ಮುಂಚಿತವಾಗಿಯೇ ಅಲ್ಲಿ ಇಟ್ಟಿರುತ್ತಾರೆ. ಆ ನಂಬರಿಗೆ ಮಾಡಿದ ಫೋನನ್ನು ಕೂಡಲೇ ಎತ್ತುತ್ತಾರೆ, ಕನ್ನಡದಲ್ಲಿಯೂ ಮಾತನಾಡಬಲ್ಲರು, ಸಮಾಧಾನದಿಂದ ಕಷ್ಟವನ್ನು ಕೇಳುತ್ತಾರೆ. ನಿಜವಾದ ಬ್ಯಾಂಕು ತೋರಿಸದ ಆದರವನ್ನು ಕಳ್ಳನು ತೋರಿಸುವುದರಿಂದಲೇ ಅನೇಕರು ಮೋಸಹೋಗುತ್ತಾರೆ. ಪಾಸ್‌ಬುಕ್ಕಿನಲ್ಲಿ, ಕಾರ್ಡಿನ ಹಿಂಭಾಗದಲ್ಲಿ, ಶಾಖೆಯ ಗೋಡೆಯ ಫಲಕದಲ್ಲಿ ಈಗಿರುವ ನಂಬರನ್ನು ಬಿಟ್ಟು ಬೇರಾವುದಕ್ಕೂ ಫೋನು ಮಾಡಬಾರದು. ಬ್ಯಾಂಕಿನವರು ತಾವಾಗಿ ವ್ಯವಹಾರದ ವಿಷಯಕ್ಕೆ ಮಾಡುವ ಕರೆಗಳಿಗೆ 1600 ಎಂದು ಮೊದಲಾಗುವ ನಂಬರುಗಳನ್ನೇ ಬಳಸಬೇಕೆಂದು 2025ರಲ್ಲಿ ರಿಸರ್ವ್ ಬ್ಯಾಂಕು ಸೂಚಿಸಿತು. ಕರೆ ಯಾವ ನಂಬರಿನಿಂದ ಬಂದರೂ ಗುಟ್ಟಿನ ಅಂಕಿಯನ್ನು ಹೇಳತಕ್ಕದ್ದಲ್ಲ.

ಇನ್ನು ಎರಡನೆಯ ಬಗೆಯ ದೂರು. ಇದಕ್ಕೆ ಒಂದು ಹಾಳೆ ಕಾಗದ ಸಾಕು. ಖಾತೆಯ ನಂಬರು, ತಪ್ಪು ನಡೆದ ತಾರೀಖು, ಮೊಬಲಗು, ನಡೆದ ತಪ್ಪು, ಬ್ಯಾಂಕಿನಿಂದ ಆಗಬೇಕಾದುದು ಇಷ್ಟನ್ನು ಕನ್ನಡದಲ್ಲಿಯೇ ಸ್ಪಷ್ಟವಾಗಿ ಬರೆಯಬೇಕು. ಗುಮಾಸ್ತನ ಒರಟುತನ, ಹಿಂದಿನ ಮ್ಯಾನೇಜರ ಒಳ್ಳೆಯತನ ಮುಂತಾದುವನ್ನು ಸೇರಿಸಿದರೆ ಮುಖ್ಯ ವಿಷಯವು ಮರೆಯಾಗುತ್ತದೆ. ಎರಡು ತಕ್ಕಡಿಯ ಮಾತನ್ನು ಒಂದರಲ್ಲಿ ಹಾಕಬಾರದು: ಸಾಲದ ಲೆಕ್ಕಕ್ಕೆ ಒಂದು ಅರ್ಜಿ, ಕಾರ್ಡಿನ ತಕರಾರಿಗೆ ಬೇರೆ ಅರ್ಜಿ. ಎರಡು ಪ್ರತಿಗಳನ್ನು ಮಾಡಿ ಒಂದನ್ನು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ತಾರೀಖು, ರುಜು ಇವುಗಳನ್ನು ಹಾಕಿಸಿಕೊಳ್ಳತಕ್ಕದ್ದು. ಮೊಹರು ಹಾಕಲು ಒಪ್ಪದಿದ್ದರೆ ಜಗಳವಾಡುವುದರಿಂದ ಫಲವಿಲ್ಲ; ಸ್ಪೀಡ್ ಪೋಸ್ಟಿನಲ್ಲಿ, ತಲುಪಿದುದಕ್ಕೆ ಪುರಾವೆ ಬೇಕೆಂದು ಕೇಳಿ ಕಳುಹಿಸಿದರೆ ಆಯಿತು. ಹಳಬರಿಗೆ ರೂಢಿಯಾಗಿದ್ದ ರಿಜಿಸ್ಟರ್ ಅಂಚೆಯು 2025ರಲ್ಲಿ ಇದರೊಳಗೇ ಸೇರಿತು. ಫೋನು ಮಾಡಿದ್ದರೂ ಆಗ ಕೊಟ್ಟ ದೂರಿನ ನಂಬರನ್ನೂ ದಿನವನ್ನೂ ಅರ್ಜಿಯಲ್ಲಿ ಕಾಣಿಸಬೇಕು.

ಮೊಹರು ಬಿದ್ದ ಆ ದಿನದಿಂದಲೇ ದಿನಗಳ ಎಣಿಕೆಯು ನಡೆಯುವುದರಿಂದ ಈ ಪ್ರತಿಯ ಬೆಲೆಯು ಬಹಳ ಹೆಚ್ಚು. ಬ್ಯಾಂಕಿನಿಂದಾಗುವ ಕೆಲವು ವಿಳಂಬಗಳಿಗೆ ರಿಸರ್ವ್ ಬ್ಯಾಂಕು ದಂಡವನ್ನೇ ಗೊತ್ತುಮಾಡಿರುವುದು ಹಲವರಿಗೆ ತಿಳಿಯದು. ಎ.ಟಿ.ಎಂ. ಯಂತ್ರದಿಂದ ನೋಟು ಬಾರದೆ ಖಾತೆಯಲ್ಲಿ ಮಾತ್ರ ಹಣ ಕಡಿತವಾದರೆ ಐದು ದಿನಗಳೊಳಗೆ ಅದು ಹಿಂತಿರುಗಬೇಕು. ಆ ಮೇಲೆ ದಿನಕ್ಕೆ 100 ರೂಪಾಯಿಯಂತೆ ಖಾತೆದಾರನಿಗೆ ಕೊಡಬೇಕೆಂದು 2019ರ ಸೆಪ್ಟೆಂಬರಿನಲ್ಲಿ ವಿಧಿಯಾಯಿತು. ತೀರಿದ ಸಾಲವನ್ನು ಬಾಕಿಯೆಂದು ಸಾಲಚರಿತ್ರೆಯ ದಾಖಲೆಯಲ್ಲಿ ತೋರಿಸಿದ್ದರೆ, ದೂರು ಕೊಟ್ಟ 30 ದಿನಗಳೊಳಗೆ ಅದನ್ನು ತಿದ್ದದಿದ್ದ ಪಕ್ಷದಲ್ಲಿ ದಿನಕ್ಕೆ 100 ರೂಪಾಯಿ ಎಂದು 2023ರಲ್ಲಿ ಗೊತ್ತಾಯಿತು. ಭೂಮಾಲೀಕರಿಗೆ ಇವೆರಡಕ್ಕಿಂತ ಮುಖ್ಯವಾದುದು ಜಮೀನಿನ ಪತ್ರಗಳ ವಿಷಯ. ಸಾಲವು ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಕ್ಕೆ ಕೊಟ್ಟು, ದಾಖಲಾದ ಋಣಭಾರವನ್ನೂ ತೆಗೆಸತಕ್ಕದ್ದೆಂದೂ, ಬ್ಯಾಂಕಿನ ಕಾರಣದಿಂದ ತಡವಾದರೆ ದಿನ ಒಂದಕ್ಕೆ 5,000 ರೂಪಾಯಿ ತೆರಬೇಕೆಂದೂ 2023ರ ಸೆಪ್ಟೆಂಬರ್ 13ರ ಆದೇಶವು ಹೇಳಿತು. 2023ರ ಡಿಸೆಂಬರ್ 1ರಿಂದೀಚೆಗೆ ಪತ್ರ ಬಿಡುಗಡೆ ಮಾಡಬೇಕಾದ ಪ್ರಸಂಗಗಳಿಗೆ ಅದು ಅನ್ವಯಿಸಿತು. ಕಡೆಯ ಕಂತನ್ನು ಕಟ್ಟಿದ ದಿನವೇ ಪತ್ರಗಳನ್ನು ಬೇಡುವ ಅರ್ಜಿಯನ್ನೂ ಕೊಟ್ಟು ಮೊಹರು ಹಾಕಿಸಿಕೊಳ್ಳುವುದು ಜಾಣತನ. ಪಹಣಿಯಲ್ಲಿ ಸಾಲದ ನಮೂದು ಹೋಗಿದೆಯೇ ಎಂಬುದನ್ನು ಒಂದು ತಿಂಗಳ ಮೇಲೆ ಪ್ರತಿ ತೆಗೆದು ನೋಡಬೇಕು. ನಮೂದು ಉಳಿದುಹೋದ ಸಂಗತಿಯು ಮಗಳ ಮದುವೆಗೆ ಜಮೀನು ಮಾರಹೊರಟಾಗ ಬೆಳಕಿಗೆ ಬಂದರೆ ಆಗುವ ಪೇಚಾಟವು ಅನುಭವಸ್ಥರಿಗೆ ಗೊತ್ತು.

ಅರ್ಜಿ ಕೊಟ್ಟು 30 ದಿನಗಳಾದರೂ ಉತ್ತರ ಬಾರದಿದ್ದರೆ, ಇಲ್ಲವೆ ಬಂದ ಉತ್ತರವು ತೃಪ್ತಿಕರವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಎಂಬ ಅಧಿಕಾರಿಗೆ ದೂರು ಕೊಡಬಹುದು. ಈ ಏರ್ಪಾಡು 1995ರಲ್ಲಿ ಹುಟ್ಟಿತು. 2021ರ ನವೆಂಬರ್ 12ರಂದು ಮೂರು ಯೋಜನೆಗಳನ್ನು ಒಂದುಗೂಡಿಸಿ ದೇಶಕ್ಕೆಲ್ಲ ಒಂದೇ ಬಾಗಿಲನ್ನು ಮಾಡಲಾಯಿತು. ಶುಲ್ಕವಿಲ್ಲ. ವಿಚಾರಣೆಗೆ 14448 ಎಂಬ ನಂಬರಿನಲ್ಲಿ ಕನ್ನಡದಲ್ಲಿಯೂ ಉತ್ತರ ದೊರೆಯುತ್ತದೆ. ಬ್ಯಾಂಕಿಗೆ ಮೊದಲು ಬರೆಯದೆ ನೇರವಾಗಿ ಇಲ್ಲಿಗೆ ಹೋದವರ ದೂರನ್ನು ತೆಗೆದುಕೊಳ್ಳುವುದಿಲ್ಲ. ಫೋನಿನಲ್ಲಿ ನೂರು ಸಲ ಹೇಳಿದೆನೆಂದು ಬಾಯಿಮಾತಿನಲ್ಲಿ ವಾದಿಸುವುದಕ್ಕಿಂತ ಮೊಹರು ಬಿದ್ದ ಒಂದು ಪ್ರತಿಯನ್ನು ತೋರಿಸುವುದು ಲೇಸು. ಸಾಲವನ್ನು ಕೊಡಲೇ ಇಲ್ಲವೆಂಬ ದೂರಿಗೂ, ನ್ಯಾಯಾಲಯದಲ್ಲಿರುವ ವ್ಯಾಜ್ಯಕ್ಕೂ ಇಲ್ಲಿ ಎಡೆಯಿಲ್ಲ. 30 ದಿನಗಳು ಕಳೆದ ಮೇಲೆ ದೂರು ಕೊಡುವುದಕ್ಕೂ ಕಾಲದ ಮಿತಿಯಿರುವುದರಿಂದ ಮುಂದಿನ ಸುಗ್ಗಿಯವರೆಗೆ ಸುಮ್ಮನಿರಬಾರದು.

ದೂರು ಹೇಳುವುದಕ್ಕೆ ಮುನ್ನ ತಪ್ಪು ನಿಜವಾಗಿಯೂ ಆ ಬ್ಯಾಂಕಿನದೇ ಎಂಬುದನ್ನು ನೋಡಿಕೊಳ್ಳುವುದೂ ನ್ಯಾಯವಾದುದು. ಕಿಸಾನ್ ಸಮ್ಮಾನ್ ಯೋಜನೆಯ 2,000 ರೂಪಾಯಿ ಕಂತು ಬರಲಿಲ್ಲವೆಂದು ಶಾಖೆಯಲ್ಲಿ ನಡೆಯುವ ವಾಗ್ವಾದಗಳಲ್ಲಿ ಎಷ್ಟೋ ಸಲ ಹಣವು ಬೇರೆ ಬ್ಯಾಂಕಿನಲ್ಲಿ ಬಿದ್ದಿರುತ್ತದೆ. ಆಧಾರದ ಮೂಲಕ ಬರುವ ಹಣವು ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಆ ಆಧಾರದ ನಂಬರಿಗೆ ಎದುರಾಗಿ ಯಾವ ಬ್ಯಾಂಕಿನ ಹೆಸರಿದೆಯೋ ಅಲ್ಲಿಗೆ ಹೋಗುತ್ತದೆ. ಆ ಪಟ್ಟಿಯಲ್ಲಿ ಒಬ್ಬನಿಗೆ ಒಂದೇ ಬ್ಯಾಂಕು. ಹೊಸದಾಗಿ ಮತ್ತೊಂದೆಡೆ ಖಾತೆ ತೆರೆದು ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿದವನ ಹಣವು ಅತ್ತ ತಿರುಗಿಕೊಂಡಿರುವುದು ಸಹಜ. ಖಾತೆಗೆ ಆಧಾರ್ ಜೋಡಿಸಿದೆ ಎಂದು ಗುಮಾಸ್ತನು ಹೇಳಿದರೆ ಸಾಲದು. ಪಾವತಿಯ ಪಟ್ಟಿಯಲ್ಲಿ ಯಾವ ಬ್ಯಾಂಕು ಇದೆಯೆಂದೇ ಕೇಳಬೇಕು.

ಸಹಕಾರ ಸಂಸ್ಥೆಗಳ ವಿಷಯದಲ್ಲಿ ಬಾಗಿಲುಗಳು ಬೇರೆ. ರಾಜ್ಯ ಸಹಕಾರ ಬ್ಯಾಂಕನ್ನೂ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳನ್ನೂ 2025ರ ನವೆಂಬರ್ 1ರಿಂದ ಓಂಬುಡ್ಸ್‌ಮನ್ ವ್ಯಾಪ್ತಿಗೆ ತರಲಾಯಿತು. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವಾದರೋ ಬ್ಯಾಂಕಲ್ಲ. ಅದರ ಮೇಲಣ ದೂರನ್ನು ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ಕೊಡಬೇಕು. ವ್ಯಾಜ್ಯಕ್ಕೆ ತಿರುಗಿದರೆ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ 70ನೆಯ ಪ್ರಕರಣವಿದೆ.

ಓಂಬುಡ್ಸ್‌ಮನ್ ಮುಂದೆ ದೂರು ಕೊಡುವುದಕ್ಕೆ ವಕೀಲರನ್ನು ನೇಮಿಸಿಕೊಳ್ಳುವಂತಿಲ್ಲವೆಂದು 2021ರ ಯೋಜನೆಯಲ್ಲಿ ಹೇಳಿತ್ತು. ಆದರೆ ಓದುಬರಹ ಬಾರದವರೂ ವೃದ್ಧರೂ ತಮ್ಮ ಪರವಾಗಿ ನಡೆದುಕೊಳ್ಳಲು ಬೇರೊಬ್ಬರಿಗೆ ಲಿಖಿತ ಅಧಿಕಾರ ಕೊಡಬಹುದೆಂದು ಅದೇ ಯೋಜನೆಯು ಅವಕಾಶ ಮಾಡಿತು. ಊರಿನ ಮುಖಂಡರು ಈ ಕೆಲಸವನ್ನು ವಹಿಸಿಕೊಳ್ಳಬಹುದು. ಅಂಥವರು ಒಂದು ಪುಸ್ತಕವನ್ನಿಟ್ಟು, ಯಾರ ಅರ್ಜಿ, ಯಾವ ಶಾಖೆ, ಮೊಹರು ಬಿದ್ದ ತಾರೀಖು, ಮೂವತ್ತನೆಯ ದಿನ ಬರುವ ತಾರೀಖು ಎಂಬ ನಾಲ್ಕು ಕಲಮುಗಳನ್ನು ಹಾಕಿಕೊಂಡು, ಅಧಿಕಾರಪತ್ರವನ್ನೂ ಅರ್ಜಿಯ ಪ್ರತಿಯನ್ನೂ ಅದರೊಳಗೇ ಇಟ್ಟುಕೊಳ್ಳತಕ್ಕದ್ದು. ಖಾತೆದಾರನ ಪಾಸ್‌ಬುಕ್ಕು, ಕಾರ್ಡು, ಗುಟ್ಟಿನ ಅಂಕಿ ಇವುಗಳನ್ನು ಮಾತ್ರ ಮುಖಂಡರು ತಮ್ಮ ವಶಕ್ಕೆ ತೆಗೆದುಕೊಳ್ಳಬಾರದು.